ದೊಡ್ಡಮ್ಮನ ಕಾಫಿಗೆ ಅಡ್ಡ ಬಂದ ಫಾರಿನ್ ಪಾರ್ಟುಗಳು

"ಫಾರಿನ್‌ನಿಂದ ಪಾರ್ಸೆಲ್ ಬಂದಿದೆ" ಅಂತ ಗೋಣಿಬೀಡಿನ ಗೌಡ್ರು ಫೋನ್ ಮಾಡಿದರೆ ಸಾಕು, ನನ್ನ ಹೆಂಡತಿ ನನ್ನ ಮಧ್ಯಾಹ್ನದ ಊಟವನ್ನು ಡಬ್ಬಿಗೆ ತುಂಬಲು ಶುರು ಮಾಡುತ್ತಾಳೆ. ಇನ್ನೆರಡು ದಿನದಲ್ಲಿ ಗಂಡ ಯಾವುದೋ ರಸ್ತೆ ಬದಿಯಲ್ಲಿ ಜೀಪಿನ ಕೆಳಗೆ ಮಲಗಿರುತ್ತಾನೆ ಎನ್ನುವುದು ಅವಳಿಗೆ ಅನುಭವದಿಂದ ಗೊತ್ತು. ಮೂಡಿಗೆರೆಯಲ್ಲಿ ನನ್ನದೊಂದು ಗ್ಯಾರೇಜು. ನಮ್ಮಪ್ಪನ ಕಾಲದಿಂದಲೂ ನಮಗೆ ಎಸ್ಟೇಟ್ ಜೀಪುಗಳದ್ದೇ ಕೆಲಸ. ಎಷ್ಟೋ ಗಾಡಿ ಬಂದವು, ರಿಪೇರಿಯಾಗಿ ಹೋದವು, ಮರೆತೂ ಹೋದವು. ಗೌಡ್ರ ಮಿಲಿಟರಿ ಜೀಪನ್ನು ಮಾತ್ರ ಮರೆಯೋಣ ಎಂದರೂ ಅದು ಬಿಡುವುದಿಲ್ಲ.

ಹರಕೆ ಮತ್ತು ಕೋಳಿ

ಈ ಜೀಪನ್ನು ಮಿಲಿಟರಿ ಹರಾಜಿನಲ್ಲಿ ಕೊಂಡು ತಂದವರು ಗೌಡ್ರ ತಂದೆ. ಅವರು ತೀರಿಕೊಂಡ ಮೇಲೆ ಅದು ಕಾಫಿ ಒಣಗಿಸುವ ಡ್ರೈಯಿಂಗ್ ಯಾರ್ಡ್ ಪಕ್ಕದ ಶೆಡ್ಡು ಸೇರಿತು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತು ಮರಿ ಮಾಡಿಕೊಂಡು ಹೋಯಿತು. ಹೀಗಿರುವಾಗ ಗೌಡ್ರಿಗೆ ಹೊಟ್ಟೆಯ ಆಪರೇಷನ್ ಆಯಿತು. ಅವರು ಒಳಗೆ ಮಲಗಿದ್ದಾಗ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರ ತಾಯಿ, ನಾವೆಲ್ಲ ದೊಡ್ಡಮ್ಮ ಅನ್ನುವವರು, ಹೊರನಾಡಿನ ಅಮ್ಮನವರಿಗೆ ಹರಕೆ ಹೊತ್ತರು: "ಮಗ ಹುಷಾರಾಗಿ ಎದ್ದು ಬರ್ಲಿ ತಾಯಿ. ಯಜಮಾನ್ರ ಜೀಪಲ್ಲೇ ನಿನ್ನ ಬಾಗಿಲಿಗೆ ಬರ್ತೀನಿ. ಅಲ್ಲೀತನಕ ಕಾಫಿ ಮುಟ್ಟಲ್ಲ."

ಮಗ ಹುಷಾರಾಗಿ ಎದ್ದು ಬಂದರು. ಜೀಪು ಏಳಲಿಲ್ಲ.

ನಮ್ಮ ಕಡೆ ಹರಕೆ ಹೊತ್ತು ಇಷ್ಟವಾದದ್ದೊಂದನ್ನು ಬಿಡುವುದು ಹೊಸದಲ್ಲ. ಒಬ್ಬರು ಹಲಸು ಬಿಡುತ್ತಾರೆ, ಇನ್ನೊಬ್ಬರು ಎಲೆ ಅಡಿಕೆ. ಆದರೆ ಸುತ್ತಲೂ ಕಾಫಿ ತೋಟ ಇಟ್ಟುಕೊಂಡು, ಬೆಳಗ್ಗೆ ಎದ್ದ ಕೂಡಲೆ ದೊಡ್ಡ ಲೋಟ ಭರ್ತಿ ಕಾಫಿ ಕುಡಿಯದೆ ಯಾರ ಮುಖವನ್ನೂ ನೋಡದ ಹೆಂಗಸು ಕಾಫಿ ಬಿಟ್ಟರೆ, ಕಷ್ಟ ಅವರಿಗಿಂತ ಹೆಚ್ಚು ಮನೆಯವರಿಗೆ. ಸಾರಿಗೆ ಉಪ್ಪು ಹೆಚ್ಚಾಯಿತು, ನಾಯಿ ಜೋರಾಗಿ ಬೊಗಳಿತು, ಸೂರ್ಯ ಬೇಗ ಮುಳುಗಿದ, ಎಲ್ಲದಕ್ಕೂ ಬೈಗುಳ.

ಸೊಸೆ, ಅಂದರೆ ಗೌಡ್ರ ಹೆಂಡತಿ, ಒಂದು ದಿನ ಮೆಲ್ಲಗೆ, "ಅತ್ತೆ, ಟೀ ಮಾಡ್ಕೊಡ್ಲಾ?" ಅಂದರು.

"ಈ ಮನೇಲಿ ಟೀ ಕುಡಿದೋರು ನೆಂಟ್ರು ಮಾತ್ರ."

"ಹಂಗಾದ್ರೆ ಕಾರಲ್ಲೇ ಹೊರನಾಡಿಗೆ ಹೋಗ್ಬರೋಣ. ಅಮ್ಮನವ್ರಿಗೆ ಅರ್ಥ ಆಗುತ್ತೆ."

"ಅಮ್ಮನವ್ರಿಗೆ ಅರ್ಥ ಆಗುತ್ತೆ ಮಾರಾಯ್ತಿ. ನನಗೆ ಆಗಲ್ವಲ್ಲ!"

ಮಗ ಕಾಫಿ ಕುಡಿಯುವಾಗ ದೊಡ್ಡಮ್ಮ ಪಕ್ಕದಲ್ಲೇ ಕೂರುತ್ತಿದ್ದರು. "ಈ ಕಡೆ ಊದು. ವಾಸನೆ ತಗೊಂಡ್ರೆ ಹರಕೆ ಏನೂ ಮುರಿಯಲ್ಲ" ಅನ್ನುತ್ತಿದ್ದರು. ತಾಯಿಯ ಮುಖಕ್ಕೆ ಕಾಫಿ ಊದಿ ಊದಿ ಸಾಕಾಗಿ ಗೌಡ್ರು ಜೀಪನ್ನು ನನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದರು.

"ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮಾಡ್ಕೊಡು ಮಾರಾಯ. ಆದ್ರೆ ಒಂದು. ಪಾರ್ಟೆಲ್ಲ ಒರಿಜಿನಲ್ಲೇ ಆಗ್ಬೇಕು. ಅಪ್ಪನ ಗಾಡಿ. ನಾನೇ ಫಾರಿನ್‌ನಿಂದ ತರಿಸ್ತೀನಿ."

ಬೇಗ ಎನ್ನುವುದೂ ಒರಿಜಿನಲ್ ಎನ್ನುವುದೂ ಒಂದೇ ಗಾಡಿಯಲ್ಲಿ ಕೂರುವುದಿಲ್ಲ ಎಂದು ನಾನು ಹೇಳಿದೆ. ಅಷ್ಟರಲ್ಲಿ ಅವರು ಮೊಬೈಲಿನಲ್ಲಿ ಆರ್ಡರ್ ಮಾಡಿ ಆಗಿತ್ತು.

ಬಸ್‌ಸ್ಟ್ಯಾಂಡ್ ಮುಂದಿನ ಯುದ್ಧ

ಮೊದಲು ಬಂದದ್ದು ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪು. ಮರದ ಹೊಟ್ಟು ತುಂಬಿದ ಪೆಟ್ಟಿಗೆ, ಎಣ್ಣೆ ಕಾಗದ, ಮೇಲೆ ಹಳೆಯ ಕಾಲದ ಅಕ್ಷರದ ಚೀಟಿ. ಬಿಚ್ಚುವಾಗ ಗೌಡ್ರು ಚಪ್ಪಲಿ ಕಳಚಿ ನಿಂತಿದ್ದರು. ಜೋಡಿಸಿದೆ. ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಇಂಜಿನ್ ಸ್ಟಾರ್ಟ್ ಆಯಿತು. ಗೌಡ್ರ ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು, ಎಷ್ಟೋ ವರ್ಷದಿಂದ ಸುಮ್ಮನಿದ್ದ ಇಂಜಿನ್ನು ಅದು.

ಊರೊಳಗೆ ಒಂದು ಸುತ್ತು ಹಾಕೋಣ ಎಂದು ಇಬ್ಬರೂ ಹೊರಟೆವು. ಬಸ್‌ಸ್ಟ್ಯಾಂಡಿನಿಂದ ಬಸ್ಸುಗಳು ಹೊರಗೆ ಬರುವ ಬಾಯಿಗೆ ಸರಿಯಾಗಿ ಜೀಪು ನಿಂತಿತು. ಬಿಚ್ಚಿ ನೋಡಿದರೆ ಪಂಪಿನೊಳಗಿನ ಒರಿಜಿನಲ್ ರಬ್ಬರು ನೆನೆಸಿದ ಹಪ್ಪಳದಂತಾಗಿತ್ತು. ಈಗಿನ ಪೆಟ್ರೋಲಿಗೆ ಸ್ಪಿರಿಟ್ ಬೆರೆಸುತ್ತಾರಲ್ಲ, ಆ ರಬ್ಬರಿಗೆ ಅದು ಹಿಡಿಸಲಿಲ್ಲ.

ಹಿಂದೆ ಕಳಸದ ಬಸ್ಸು ಹಾರ್ನ್ ಹೊಡೆಯುತ್ತಿದೆ. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗೌಡ್ರೇ, ಯುದ್ಧಕ್ಕೆ ಹೊರಟಿದ್ರಾ? ಶತ್ರುಗಳೆಲ್ಲ ಬಸ್ಸಲ್ಲಿ ಕಾಯ್ತಿದಾರೆ, ಸ್ವಲ್ಪ ಪಕ್ಕಕ್ಕೆ ಸರೀರಿ" ಅಂದ.

ನಾಲ್ಕಾರು ಜನ ಸೇರಿ ತಳ್ಳಿದರು. ಅವರಲ್ಲಿ ದೊಡ್ಡ ಬಿಳಿ ಮೀಸೆಯವರೊಬ್ಬರಿದ್ದರು, ಸೈನ್ಯದಲ್ಲಿದ್ದು ನಿವೃತ್ತರಾದವರು. ತಳ್ಳಿ ಮುಗಿಸಿ, ಕೈ ಒರೆಸಿಕೊಂಡು, ಜೀಪಿಗೆ ಒಂದು ಸಲ್ಯೂಟ್ ಹೊಡೆದರು. "ಗೌಡ್ರೇ, ನಾನು ಸರ್ವೀಸಲ್ಲಿದ್ದಾಗ್ಲೂ ಇದನ್ನ ಹಿಂಗೇ ತಳ್ತಿದ್ದೆ. ಅನುಮಾನವೇ ಬೇಡ, ನಿಮ್ಮ ಗಾಡಿ ಪಕ್ಕಾ ಒರಿಜಿನಲ್."

ಯಾವಾಗಲೂ ತುಂಬಿದ ಟ್ಯಾಂಕು

ಪಂಪಿಗೆ ಇಲ್ಲಿಯದೇ ರಬ್ಬರು ಹಾಕಿದೆ. ಅಷ್ಟರಲ್ಲಿ ಹಾಲೆಂಡಿನಿಂದ ಪೆಟ್ರೋಲ್ ತೋರಿಸುವ ಮೀಟರು ಬಂತು. ನೋಡಲು ಬಹಳ ಚಂದ. ಕಪ್ಪು ಮುಖ, ಬಿಳಿ ಮುಳ್ಳು. ಮುಳ್ಳು 'ಫುಲ್' ಕಡೆ ನಿಂತಿದ್ದನ್ನು ನೋಡಿ ಗೌಡ್ರಿಗೆ ಎಷ್ಟು ಸಮಾಧಾನವಾಯಿತು ಎಂದರೆ, ಹೆಂಡತಿಯನ್ನು ಕೂರಿಸಿಕೊಂಡು ಬೀಗರೂಟಕ್ಕೇ ಹೊರಟುಬಿಟ್ಟರು.

ಊಟದ ಹೊತ್ತಿಗೆ ನನಗೆ ಫೋನು. "ಜೀಪು ನಿಂತ್ಬಿಡ್ತು. ಬೇಗ ಬಾ."

"ಪೆಟ್ರೋಲ್ ಇದೆಯಾ ಗೌಡ್ರೇ?"

"ಫುಲ್ ಇದೆ ಮಾರಾಯ, ನಾನೇನು ಕಣ್ಣಿಲ್ದೋನಾ?"

ಹೋದೆ. ಪ್ಲಗ್ಗು ಬಿಚ್ಚಿದೆ, ಕಾರ್ಬುರೇಟರ್ ಬಿಚ್ಚಿದೆ, ವೈರುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಸರಿ ಇದೆ. ರೇಷ್ಮೆ ಸೀರೆ ಉಟ್ಟು ಮೋರಿ ಕಟ್ಟೆಯ ಮೇಲೆ ಹಸಿದು ಕೂತಿದ್ದ ಗೌಡ್ರ ಹೆಂಡತಿ, "ಒಂದ್ಸಲ ಸೀಟ್ ಎತ್ತಿ ನೋಡ್ಬಾರ್ದಾ?" ಅಂದರು. ಈ ಜೀಪಿನಲ್ಲಿ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೆ. ಪೆಟ್ರೋಲ್ ನೋಡಬೇಕಾದರೆ ಗೌಡ್ರು ಎದ್ದು ನಿಲ್ಲಬೇಕು.

"ಮೀಟರ್ ಹಾಲೆಂಡಿಂದು ಕಣೇ" ಎಂದು ಗೌಡ್ರು ಏಳಲಿಲ್ಲ. ಆಮೇಲೆ ಹಸಿವಿಗೋ ಹೆಂಡತಿಯ ನೋಟಕ್ಕೋ ಎದ್ದರು. ನಾನು ಬೇಲಿಯಾಚೆಯ ಕಾಫಿ ಗಿಡದಿಂದ ಒಂದು ಒಣಕಡ್ಡಿ ಮುರಿದು ಟ್ಯಾಂಕಿಗೆ ಇಳಿಸಿದೆ. ಒಣಕಡ್ಡಿ ಇಳಿಯಿತು, ಒಣಕಡ್ಡಿಯೇ ಮೇಲೆ ಬಂತು.

ಮುಳ್ಳು ಮಾತ್ರ 'ಫುಲ್' ಬಿಟ್ಟು ಅಲ್ಲಾಡಿರಲಿಲ್ಲ. ಗೌಡ್ರ ಹೆಂಡತಿ ಅದನ್ನೇ ನೋಡುತ್ತಾ ಹೇಳಿದರು: "ಪಾಪ, ಅದರ ತಪ್ಪೇನಿದೆ? ಗಾಡಿ ಯಾರದ್ದೋ ಅವ್ರ ಗುಣವೇ ಬಂದಿದೆ. ಒಳಗೆ ಏನೂ ಇಲ್ದಿದ್ರೂ ಒಪ್ಕೊಳ್ಳಲ್ಲ."

ಲಂಡನ್ ನೋಡಿ ಬಂದ ರಬ್ಬರು

ಆಮೇಲೆ ಬ್ರೇಕು. ಘಾಟಿ ರಸ್ತೆಯಲ್ಲಿ ದೊಡ್ಡಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿ. ಇದರಲ್ಲಿ ಆಟ ಬೇಡ, ಇಲ್ಲೇ ಸಿಗುವುದನ್ನು ಹಾಕೋಣ ಎಂದೆ. ಗೌಡ್ರು ಕೇಳಲಿಲ್ಲ. ಲಂಡನ್ನಿನಿಂದ ಬ್ರೇಕಿನ ರಬ್ಬರು ಸೆಟ್ಟು ಹೊರಟಿತು. ಎಲ್ಲೋ ಕಸ್ಟಮ್ಸಿನವರು ಹಿಡಿದಿಟ್ಟುಕೊಂಡರು. ಬರುವಷ್ಟರಲ್ಲಿ ನಮ್ಮ ಮನೆಯ ರಂಜಾನೂ ಮುಗಿದಿತ್ತು, ಗೌಡ್ರ ಮನೆಯ ಯುಗಾದಿಯೂ ಮುಗಿದಿತ್ತು. ದೊಡ್ಡಮ್ಮ ಈಗ ಕಾಫಿ ಹೂವಿನ ವಾಸನೆಗೂ ನಿಟ್ಟುಸಿರು ಬಿಡುತ್ತಿದ್ದರು.

ಪಾರ್ಸೆಲನ್ನು ಅವರ ಮನೆಯ ಜಗುಲಿಯಲ್ಲೇ ಬಿಚ್ಚಿದೆವು. ಡಬ್ಬಿ ಲಂಡನ್ನಿನದು. ಡಬ್ಬಿಯೊಳಗೆ ಒಂದು ಚೀಲ. ಚೀಲದೊಳಗೆ ರಬ್ಬರು ಸುತ್ತಿದ್ದು ಒಂದು ಹಳೆಯ ನ್ಯೂಸ್‌ಪೇಪರಿನಲ್ಲಿ.

"ಲಂಡನ್ ಪೇಪರಾ? ಏನ್ ಬರ್ದಿದಾರೆ ಓದು" ಅಂದರು ಗೌಡ್ರು.

ಓದಿದೆ. "'ಹುಡುಗಿ, ಗೋಧಿ ಬಣ್ಣ, ಮನೆಗೆಲಸ ಬಲ್ಲವಳು. ಯೋಗ್ಯ ವರ ಬೇಕಾಗಿದ್ದಾನೆ.' ಗೌಡ್ರೇ, ಇದು ಹಿಂದಿ ಪೇಪರು."

ರಬ್ಬರನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಡೆ ಸಣ್ಣ ಅಕ್ಷರದಲ್ಲಿ 'ಮೇಡ್ ಇನ್ ಇಂಡಿಯಾ' ಎಂದಿತ್ತು. ಉತ್ತರದ ಯಾವುದೋ ಊರಿನಲ್ಲಿ ಹುಟ್ಟಿ, ಹಡಗು ಹತ್ತಿ, ಡಬ್ಬಿ ಬದಲಾಯಿಸಿಕೊಂಡು, ವಿಮಾನದಲ್ಲಿ ವಾಪಸ್ ಬಂದಿತ್ತು.

"ನಾನು ಕಾಶಿಗೇ ಹೋಗಿಲ್ಲ. ಈ ರಬ್ಬರು ಲಂಡನ್ ನೋಡ್ಕೊಂಡು ಬಂತು ನೋಡು" ಅಂದರು ದೊಡ್ಡಮ್ಮ. ಆಮೇಲೆ ಪೇಪರಿನ ಕಡೆ ಬಗ್ಗಿ, "ಆ ಹುಡುಗಿಗೆ ಗಂಡು ಸಿಕ್ತಂತಾ?" ಎಂದು ಕೇಳಿದರು.

"ಪೇಪರ್ ಹಳೇದು ದೊಡ್ಡಮ್ಮ. ಇಷ್ಟೊತ್ತಿಗೆ ಮದ್ವೆಯಾಗಿ ಮಕ್ಳೂ ಆಗಿರ್ತವೆ."

ದೊಡ್ಡಮ್ಮ ಮಗನ ಕಡೆ ತಿರುಗಿದರು. "ಕೇಳಿಸ್ತೇನೋ? ಅವ್ಳಿಗೆ ಗಂಡು ಸಿಕ್ಕಿ, ಮದ್ವೆಯಾಗಿ, ಮಕ್ಳೂ ಆಯ್ತು. ನನಗಿನ್ನೂ ಒಂದು ಲೋಟ ಕಾಫಿ ಸಿಕ್ಕಿಲ್ಲ."

ಟಾಪಿಗೊಂದು ಛತ್ರಿ

ಇದು ಸಣ್ಣ ಕಥೆ. ಮಳೆ ಹಿಡಿಯುವ ಮುಂಚೆ ಅಮೆರಿಕದಿಂದ ಜೀಪಿನ ಕ್ಯಾನ್ವಾಸ್ ಟಾಪು ಬಂತು. ಅಳತೆಗೆ ಸರಿಯಾಗಿ ಕೂತಿತು, ನೋಡಿದವರೆಲ್ಲ ಭೇಷ್ ಅಂದರು. ಮೊದಲ ಮಳೆಗೆ ಅದು ಕುಗ್ಗಲು ಶುರುವಾಯಿತು. ಆರಿದ್ರಾ ಮಳೆ ಬರುವಷ್ಟರಲ್ಲಿ ಮುಂದಿನ ಸೀಟು ಒಳಗೆ, ಹಿಂದಿನ ಸೀಟು ಹೊರಗೆ. ಗೌಡ್ರು ಸಿಟ್ಟಿನಿಂದ ಕಂಪನಿಗೆ ಮೇಲ್ ಹಾಕಿದರು. ಮರುದಿನವೇ ಬಹಳ ಮರ್ಯಾದೆಯ ಉತ್ತರ ಬಂತು: ಟಾಪು ಒದ್ದೆಯಾಗದಂತೆ ನೋಡಿಕೊಳ್ಳಿ.

ನಮ್ಮ ಮೂಡಿಗೆರೆಯಲ್ಲಿ, ಆರಿದ್ರಾ ಮಳೆಯಲ್ಲಿ! ಕೊನೆಗೆ ಟಾಪು ಕೆಡದಿರಲಿ ಎಂದು ಅದರ ಮೇಲೆ ಕಾಫಿ ಒಣಗಿಸುವ ನೀಲಿ ಟಾರ್ಪಾಲು ಹೊದೆಸಿದೆವು. ದಾರಿಯಲ್ಲಿ ಕಂಡವರು, "ಗೌಡ್ರೇ, ಎಲ್ಲಿ ಒಣಗಿಸೋಕೆ ಹಾಕ್ತೀರಿ?" ಎಂದು ಕೇಳುತ್ತಿದ್ದರು.

ಹೊರನಾಡಿಗೆ ಹೋದದ್ದು

ಮಳೆಗಾಲ ಮುಗಿಯಿತು. ಕಾಫಿ ಹಣ್ಣು ಕೊಯ್ಲು ಶುರುವಾಗುವ ಮುಂಚೆ ಹೊರನಾಡಿಗೆ ಹೋಗಿಬರುವುದು ಎಂದು ತೀರ್ಮಾನವಾಯಿತು. ದೊಡ್ಡಮ್ಮ ಬಹಳ ಇಳಿದುಹೋಗಿದ್ದರು. ಬೈಯುವುದನ್ನೂ ಕಡಿಮೆ ಮಾಡಿದ್ದರು, ನಮಗೆಲ್ಲ ಅದೇ ಹೆಚ್ಚು ಹೆದರಿಕೆ. ಈ ಸಲ ತಪ್ಪಬಾರದು ಎಂದು ಗೌಡ್ರು ಕೊನೆಯ ಗಳಿಗೆಯಲ್ಲಿ ಹೊಸ ಫಾರಿನ್ ಕ್ಲಚ್ ಪ್ಲೇಟು ಹಾಕಿಸಿದರು. ಹಳೆಯದು ಇನ್ನೂ ಎರಡು ವರ್ಷ ಓಡುತ್ತಿತ್ತು. ಹೇಳಿದೆ, ಕೇಳಲಿಲ್ಲ.

ಬೆಳಗ್ಗೆ ಹೊರಟೆವು. ಗೌಡ್ರು ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ದೊಡ್ಡಮ್ಮ, ಹಿಂದೆ ಸೊಸೆ ಮತ್ತು ಸಾಮಾನಿನ ಪೆಟ್ಟಿಗೆ ಇಟ್ಟುಕೊಂಡ ನಾನು. ದೊಡ್ಡಮ್ಮನ ಮಡಿಲಲ್ಲಿ ಒಂದು ಫ್ಲಾಸ್ಕು. ಯಾರೋ ನೆಂಟರು ದುಬೈಯಿಂದ ತಂದುಕೊಟ್ಟದ್ದು. ಅದರೊಳಗೆ ಅವರದೇ ತೋಟದ ಕಾಫಿ, ಸೊಸೆ ಮುಂಜಾನೆ ಎದ್ದು ಡಿಕಾಕ್ಷನ್ ಇಳಿಸಿ ಮಾಡಿದ್ದು. ದರ್ಶನವಾದ ಮೇಲೆ ಕುಡಿಯಲು. ಫ್ಲಾಸ್ಕು ಕೂಡ ಫಾರಿನ್ ಎಂದು ತಿಳಿದಾಗಲೇ ನನ್ನ ಎದೆ ಒಂದು ಸಲ ಧಸಕ್ಕೆಂದಿತು.

ಕೊಟ್ಟಿಗೆಹಾರ ದಾಟಿತು. ಏರು, ಇಳಿಜಾರು, ತಿರುವು, ಜೀಪು ಲಕ್ಷಣವಾಗಿ ಓಡಿತು. ಹಿರೇಬೈಲು ದಾಟಿದ ಮೇಲೆ ಒಂದು ಏರಿನಲ್ಲಿ ಸುಟ್ಟ ವಾಸನೆ ಬಂತು. ಇಂಜಿನ್ ಜೋರಾಗಿ ಕೂಗುತ್ತಿದೆ, ಗಾಡಿ ಮುಂದಕ್ಕೆ ಹಂದುತ್ತಿಲ್ಲ. ಗೌಡ್ರು ಬ್ರೇಕು ಒತ್ತಿ ನಿಲ್ಲಿಸಿದರು. ಕೆಳಗೆ ನುಗ್ಗಿ ನೋಡಿದೆ. ಕ್ಲಚ್ ಪ್ಲೇಟು ಹೋಗಿತ್ತು. ಗೇರ್‌ಬಾಕ್ಸು ಇಳಿಸದೆ ಏನೂ ಮಾಡುವಂತಿಲ್ಲ, ಅದು ರಸ್ತೆ ಬದಿಯ ಕೆಲಸ ಅಲ್ಲ.

ಒಂದು ಟ್ಯಾಕ್ಸಿ ಜೀಪು ಬಂದು ನಿಂತಿತು. "ಬನ್ನಿ ದೊಡ್ಡಮ್ಮ, ನಾವೂ ಹೊರನಾಡಿಗೇ. ಇದೂ ಜೀಪೇ ಅಲ್ವಾ?" ಅಂದ ಡ್ರೈವರ್.

"ಯಜಮಾನ್ರದ್ದಲ್ವಲ್ಲಪ್ಪ" ಅಂದರು ದೊಡ್ಡಮ್ಮ. ಕೂತಲ್ಲಿಂದ ಅಲ್ಲಾಡಲಿಲ್ಲ.

ಗೌಡ್ರು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. "ಅಮ್ಮ, ನನಗೋಸ್ಕರ ಹರಕೆ ಹೊತ್ತೆ. ಅದನ್ನ ತೀರ್ಸೋಕೂ ಬಿಡದ ಹಾಗೆ ಮಾಡಿದೋನು ನಾನೇ" ಅಂದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ದೊಡ್ಡಮ್ಮ ಅವರ ಮಾತು ಕೇಳುತ್ತಿದ್ದರೋ ಇಲ್ಲವೋ, ಕಣ್ಣು ಕೆಳಗಿನ ತಿರುವಿನ ಕಡೆ ಇತ್ತು. "ಅಳೋದು ಆಮೇಲೆ. ಆ ಬರೋ ಲಾರಿ ಖಾಲಿ ಇದ್ಯಾ ಕೇಳು" ಅಂದರು.

ಮಿನಿ ಲಾರಿ. ಖಾಲಿಯೇ ಇತ್ತು, ಹೊರನಾಡಿನಿಂದ ಬಾಳೆಗೊನೆ ತುಂಬಿಕೊಂಡು ಬರಲು ಹೊರಟಿತ್ತು. ಡ್ರೈವರ್ ಜೀಪನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ. "ಜೀಪು ಹತ್ತಿಸ್ಬಹುದು. ಅಮ್ಮ ಇಳೀಬೇಕು."

"ಅಮ್ಮ ಇಳಿಯಲ್ಲ" ಅಂದರು ದೊಡ್ಡಮ್ಮ.

ಮುಂದೆ ರಸ್ತೆಗಿಂತ ತಗ್ಗಿನಲ್ಲಿ ಒಂದು ಮನೆಯ ಅಂಗಳವಿತ್ತು. ಮರ ತುಂಬುವವರು ಮಾಡುವ ಹಾಗೆ, ಲಾರಿಯನ್ನು ಆ ಅಂಗಳಕ್ಕೆ ಇಳಿಸಿ ಹಿಂಬದಿಯನ್ನು ರಸ್ತೆಯಂಚಿನ ಮಣ್ಣಿನ ಧರೆಗೆ ತಾಗಿಸಿದೆವು. ಲಾರಿಯ ನೆಲವೂ ರಸ್ತೆಯೂ ಒಂದೇ ಮಟ್ಟವಾಯಿತು. ನಡುವೆ ಎರಡು ಹಲಗೆ. ದಾರಿಯಲ್ಲಿ ಹೋಗುತ್ತಿದ್ದ ಯಾತ್ರಿಕರ ವ್ಯಾನು ನಿಂತು, ಅದರಲ್ಲಿದ್ದವರೆಲ್ಲ ಇಳಿದು ತಳ್ಳಿದರು. ದೊಡ್ಡಮ್ಮ ಫ್ಲಾಸ್ಕು ತಬ್ಬಿಕೊಂಡು ನೆಟ್ಟಗೆ ಕೂತಿದ್ದರು. ಹಲಗೆ ದಾಟುವಾಗ ಜೀಪು ಒಮ್ಮೆ ಜೋರಾಗಿ ಮುನ್ನುಗ್ಗಿತು. ಗೌಡ್ರು ಬ್ರೇಕು ಒತ್ತಿದರು. ಕಚ್ಚಿಕೊಂಡು ನಿಂತಿತು. ಲಂಡನ್ ನೋಡಿ ಬಂದ ನಮ್ಮ ದೇಶದ ರಬ್ಬರು ಆವತ್ತು ಮರ್ಯಾದೆ ಉಳಿಸಿತು.

ಚಕ್ರಕ್ಕೆ ಕಲ್ಲು ಕೊಟ್ಟು, ಹಗ್ಗ ಬಿಗಿದು, ಸೊಸೆಯನ್ನು ಲಾರಿಯ ಮುಂದೆ ಕೂರಿಸಿ ಹೊರಟೆವು. ನಾನು ಜೀಪಿನ ಹಿಂದಿನ ಸೀಟಿನಲ್ಲಿ. ಗೌಡ್ರು ಸ್ಟೇರಿಂಗ್ ಬಿಡಲಿಲ್ಲ. ಲಾರಿ ತಿರುಗಿದ ಕಡೆಗೆಲ್ಲ ಅವರೂ ತಿರುಗಿಸುತ್ತಿದ್ದರು. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಹಾರ್ನೂ ಹೊಡೆದರು.

"ಸುಮ್ನೆ ಕೂತ್ಕೋ" ಅಂದರು ದೊಡ್ಡಮ್ಮ. "ಲಾರಿಯವ್ನಿಗೆ ದಾರಿ ಗೊತ್ತಿದೆ."

ಕಳಸದ ಪೇಟೆಯಲ್ಲಿ ಜನ ಅಂಗಡಿಯಿಂದ ಹೊರಗೆ ಬಂದು ನೋಡಿದರು. ಲಾರಿಯ ಮೇಲೆ ಮಿಲಿಟರಿ ಜೀಪು, ಜೀಪಿನಲ್ಲಿ ಗಂಭೀರವಾಗಿ ಕೂತ ಅಜ್ಜಿ. ಯಾವುದಕ್ಕೂ ಇರಲಿ ಎಂದು ಒಬ್ಬ ಕೈ ಮುಗಿದ. ದೊಡ್ಡಮ್ಮ ತಲೆಯಾಡಿಸಿ ಆಶೀರ್ವಾದ ಮಾಡಿದರು.

ಹೊರನಾಡಿನಲ್ಲಿ ಒಂದು ಲಾಡ್ಜಿನ ಎತ್ತರದ ಜಗುಲಿಗೆ ಲಾರಿಯನ್ನು ರಿವರ್ಸ್ ತಂದು ನಿಲ್ಲಿಸಿದರು. ದೊಡ್ಡಮ್ಮ ಜೀಪಿನಿಂದ ಲಾರಿಗೆ, ಲಾರಿಯಿಂದ ಜಗುಲಿಗೆ ವಿಮಾನದಿಂದ ಇಳಿದವರಂತೆ ಇಳಿದರು. ಸೊಸೆಗೆ ಇನ್ನೂ ಅನುಮಾನ. "ಅತ್ತೆ, ಹರಕೆ ಸಂದ ಹಾಗೇನಾ?"

"ಯಜಮಾನ್ರ ಜೀಪಲ್ಲೇ ಬರ್ತೀನಿ ಅಂದಿದ್ದೆ. ಮನೆ ಬಿಟ್ಟಲ್ಲಿಂದ ಜೀಪು ಇಳಿದಿದೀನಾ? ಇಲ್ಲ. ಜೀಪು ಯಾತರಲ್ಲಿ ಬಂತು ಅನ್ನೋದು ಜೀಪಿಗೂ ಅಮ್ಮನವ್ರಿಗೂ ಬಿಟ್ಟಿದ್ದು."

ದರ್ಶನ ಮುಗಿಸಿಕೊಂಡು ಬಂದರು. ಊಟಕ್ಕೆ ನನ್ನನ್ನೂ ಪಕ್ಕದಲ್ಲೇ ಕೂರಿಸಿಕೊಂಡು, ಪಾಯಸ ಇನ್ನೊಂದು ಸಲ ಹಾಕಿಸಿದರು. ಆಮೇಲೆ ಎಲ್ಲರೂ ಅದೇ ಜಗುಲಿಗೆ ಬಂದು ಕೂತೆವು. ಫ್ಲಾಸ್ಕಿನ ಮುಚ್ಚಳ ತಿರುಗಿಸುವಾಗ ಮೂವರೂ ಉಸಿರು ಹಿಡಿದಿದ್ದೆವು. ತಣ್ಣಗಾಗಿದ್ದರೆ? ಹಾಲು ಒಡೆದಿದ್ದರೆ? ಇಷ್ಟು ದಿನ ಕಾದು ಇವತ್ತೂ ಫಾರಿನ್ ಸಾಮಾನು ಕೈಕೊಟ್ಟರೆ?

ಹಬೆ ಎದ್ದಿತು. ಕಾಫಿ ಬಿಸಿಯಾಗಿತ್ತು! ದೊಡ್ಡಮ್ಮ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು. ಆಮೇಲೆ ಕಣ್ಣು ಬಿಟ್ಟು ಸೊಸೆಗೆ, "ಸಕ್ಕರೆ ಜಾಸ್ತಿ ಹಾಕಿದೀಯ" ಅಂದರು. ಸೊಸೆಯ ಕಣ್ಣು ತುಂಬಿ ಬಂತು, ಅತ್ತೆ ಬೈದದ್ದಕ್ಕೆ ಅಷ್ಟು ಸಂತೋಷಪಟ್ಟ ಸೊಸೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೂ ಬೆನ್ನಿನ ಮೇಲಿದ್ದ ಗೇರ್‌ಬಾಕ್ಸನ್ನು ಯಾರೋ ಇಳಿಸಿದ ಹಾಗಾಯಿತು.

ಗೌಡ್ರಿಗೂ ಜೀವ ಬಂತು. ಖುಷಿ ತಡೆಯಲಾರದೆ ದೇವಸ್ಥಾನದ ಕಡೆ ತಿರುಗಿ ಕೈ ಮುಗಿದರು. "ತಾಯಿ, ನೋಡ್ತಿರು. ಹೊಸ ಕ್ಲಚ್ ಪ್ಲೇಟ್ ಈಗ್ಲೇ ಆರ್ಡರ್ ಮಾಡ್ತೀನಿ, ಒರಿಜಿನಲ್. ಮುಂದಿನ ಸಲ ಲಾರಿ ಗೀರಿ ಇಲ್ಲ, ಈ ಜೀಪನ್ನ ಓಡಿಸ್ಕೊಂಡೇ ಬರ್ತೀವಿ!"

ದೊಡ್ಡಮ್ಮ ಗಾಬರಿಯಾಗಿ ಲೋಟವನ್ನು ಎದೆಗೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಗುಡಿಯ ಕಡೆ ಚಾಚಿ ಕೂಗಿದರು:

"ತಾಯೀ, ಈಗ ಹೇಳಿದ್ದು ಇವ್ನು! ನಾನಲ್ಲ! ಕಾಫಿ ಬಿಡೋದಾದ್ರೆ ಇವ್ನೇ ಬಿಡ್ಲಿ!"